ಕೀ ಜೇಬಿನಲ್ಲಿ ಇಟ್ಟುಕೋ ಪುಟ್ಟಾ

ಹಲೋ, ಪುಟ್ಟಾ, ಚಿಕ್ಕಪ್ಪ ಮಾತಾಡ್ತಿರೋದು. ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ, ಕನ್ನಡಕ ಸಿಕ್ಕಿರಲಿಲ್ಲ. ನಿನ್ನ ಪದ್ಮಿನಿ ಕಾರು ಮಿಸ್ ಹೊಡೆಯುತ್ತಿದೆ, ಮೆಕ್ಯಾನಿಕ್ಕು ಡೆಲ್ಕೋನೇ, ಅಂದರೆ ಪ್ಲಗ್ಗುಗಳಿಗೆ ಸರದಿ ಪ್ರಕಾರ ಕಿಡಿ ಹಂಚೋ ಡಿಸ್ಟ್ರಿಬ್ಯೂಟರನ್ನೇ, ಬದಲಾಯಿಸಬೇಕು ಅಂದ, ಹೊಸದು ತಂದಿಟ್ಟುಕೊಂಡಿದ್ದೀಯ, ಭಾನುವಾರ ನಾನೇ ಹಾಕಲಾ, ಎಂಜಿನ್ನಿಗೆ ಏನಾದರೂ ಆಗಿಬಿಡುತ್ತದಾ ಅಂತ ಕೇಳಿದ್ದೀಯ. ಹೆದರಿಕೆ ಬಂದಿದ್ದು ಒಳ್ಳೆಯದೇ ಆಯಿತು. ನನಗೆ ಆವತ್ತು ಬಂದಿರಲಿಲ್ಲ.

ಒಂದೇ ಮಾತು ಹೇಳುತ್ತೇನೆ ಕೇಳು. ಡೆಲ್ಕೋ ಹೊರಗೆ ಇರುವಾಗ ಯಾರೂ ಕೀ ತಿರುಗಿಸಬಾರದು. ಯಾರೂ ಅಂದರೆ ಯಾರೂ.

ಕೊಪ್ಪದ ಅಕ್ಕನ ಮಗಳ ಮದುವೆ ಉಡುಪಿಯಲ್ಲಿ ಆಯಿತಲ್ಲ, 1989ರಲ್ಲಿ, ನೀನು ಆಗ ಹುಟ್ಟಿರಲಿಲ್ಲ. ಮದುವೆ ದಿನ ಬೆಳಗಿನ ಜಾವ ತೀರ್ಥಹಳ್ಳಿಯಿಂದ ಹೊರಡಬೇಕು, ಆಗುಂಬೆ ಘಾಟಿ ಇಳಿಯಬೇಕು. ಗಾಡಿ ಥೇಟ್ ನಿನ್ನದರ ಹಾಗೆ ಮಿಸ್ ಹೊಡೆಯುತ್ತಿತ್ತು. ನಾನು ಜಾಣ ನೋಡು, ಹಿಂದಿನ ರಾತ್ರಿ ಊಟಕ್ಕೆ ಮುಂಚೆ ಡೆಲ್ಕೋ ಬಿಚ್ಚಿದೆ. ಬಿಚ್ಚುವ ಮೊದಲು ಅದರೊಳಗೆ ತಿರುಗೋ ರೋಟರ್ ಎಲ್ಲಿಗೆ ಮುಖ ಮಾಡಿದೆ, ಬಾಡಿ ಎಲ್ಲಿ ಕೂತಿದೆ, ಎರಡಕ್ಕೂ ಚಿಕ್ಕಮ್ಮನ ಉಗುರುಬಣ್ಣದಲ್ಲಿ ಗುರುತು ಹಾಕಿದ್ದೆ. ಜಗಲಿ ಮೇಲೆ ಪೇಪರ್ ಹಾಸಿ ಎಲ್ಲ ಜೋಡಿಸಿಟ್ಟು ಕಾಫಿಗೆ ಒಳಗೆ ಹೋದೆ.

ಅಷ್ಟರಲ್ಲಿ ನಮ್ಮ ಹೊಸನಗರದ ಭಾವ ಗಾಡಿಯಲ್ಲಿ ಕೂತು, ಬ್ಯಾಟರಿ ಇದೆಯೋ ಇಲ್ಲವೋ ನೋಡೋಣ ಅಂತ, ಸುಮ್ನೆ ಒಂದು ಸಲ ಕೀ ತಿರುಗಿಸಿದ್ದಾರೆ. ಸೆಲ್ಫ್, ಅಂದರೆ ಎಂಜಿನ್ ಸ್ಟಾರ್ಟ್ ಮಾಡೋ ಮೋಟಾರು, ತಿರುಗಿದೆ, ಅದರ ಜೊತೆ ಎಂಜಿನ್ನೂ ತಿರುಗಿದೆ. ಇಳಿದು ಎಲೆಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದಾರೆ. ನನಗೆ ಹೇಳಲೇ ಇಲ್ಲ!

ನಾನು ಬಂದವನೇ ನನ್ನ ಗುರುತಿಗೆ ಸರಿಯಾಗಿ ಹೊಸದನ್ನು ಕೂರಿಸಿದೆ. ಎಂಜಿನ್ನೇ ಜಾಗ ಬಿಟ್ಟ ಮೇಲೆ ಆ ಗುರುತು ಯಾವ ಪ್ರಯೋಜನಕ್ಕೆ? ಪಿಸ್ಟನ್ನುಗಳು ತಿರುಗಿಸೋ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ಹೊಡೆದರೆ ಡೆಲ್ಕೋ ಒಂದು ಸುತ್ತು. ಒಂದನೇ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಂದು ಸಲ ಗಾಳಿ ಪೆಟ್ರೋಲು ಒತ್ತೋದಕ್ಕೆ, ಅದೇ ಕಂಪ್ರೆಶನ್ನು, ಇನ್ನೊಂದು ಸಲ ಹೊಗೆ ದಬ್ಬೋದಕ್ಕೆ. ಕಿಡಿ ಬೇಕಿರೋದು ಕಂಪ್ರೆಶನ್ನಿಗೆ ಮಾತ್ರ. ನನ್ನದು ಎಲ್ಲಿ ಬೀಳುತ್ತಿತ್ತೋ ದೇವರಿಗೇ ಗೊತ್ತು. ಸೆಲ್ಫ್ ಹೊಡೆದೆ, ಹಿಡಿಯಲಿಲ್ಲ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿಗೆ ಬಗ್ಗಿ ನೋಡುತ್ತಾ, ಹೊಡೀರಿ ಭಾವ ಅಂದೆ. ಢಬ್ ಅಂತು. ಕಾರ್ಬುರೇಟರ್ ಬಾಯಿಂದ ಬೆಂಕಿ. ನನ್ನ ಎಡಗಡೆ ಹುಬ್ಬು ಪೂರ್ತಿ ಹೋಯಿತು. ಚಿಕ್ಕಮ್ಮ ಒದ್ದೆ ಗೋಣಿತಾಟು ತಂದು ಎಸೆಯದಿದ್ದರೆ ಗಾಡಿಯೂ ಹೋಗುತ್ತಿತ್ತು. ಮದುವೆ ಫೋಟೋದಲ್ಲಿ ನಾನು ಒಂದೇ ಹುಬ್ಬಿನಲ್ಲಿ ನಿಂತಿದ್ದೀನಿ, ನೋಡಿದ್ದೀರಿ ಎಲ್ಲರೂ.

ಅದಕ್ಕೇ ಮತ್ತೆ ಹೇಳುತ್ತೇನೆ, ಡೆಲ್ಕೋ ಹೊರಗೆ ಇರುವಾಗ ಕೀ ತಿರುಗಿಸಬಾರದು. ಕೀ ನಿನ್ನ ಜೇಬಿನಲ್ಲಿರಲಿ. ಬ್ಯಾಟರಿ ವಯರೂ ಬಿಚ್ಚಿಡು.

ಭಾವ ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಮೂರು ವರ್ಷ ಆದಮೇಲೆ ಯಾರದೋ ಗೃಹಪ್ರವೇಶದಲ್ಲಿ, ಆವತ್ತು ಕೀ ತಿರುಗಿಸಿದ್ದು ನಾನೇ ಅಂತ ನಗ್ತಾ ಹೇಳಿದರು. ನಗ್ತಾ! ಗಾಡಿ ಸ್ಟಾರ್ಟ್ ಆಗದೆ ನಾವು ಮದುವೆಗೆ ಮಿನಿ ಬಸ್ಸಿನಲ್ಲಿ ನಿಂತುಕೊಂಡೇ ಘಾಟಿಯ ಹದಿನಾಲ್ಕು ತಿರುವು ಇಳಿದು ಹೋದೆವು. ಮುಹೂರ್ತ ಮುಗಿದಿತ್ತು. ಕೊನೇ ಪಂಕ್ತಿಗೆ ಹೋಳಿಗೆ ಖಾಲಿ. ಅಕ್ಕ ಇವತ್ತಿಗೂ, ನನ್ನ ಮಗಳ ಮದುವೆಗೆ ಧಾರೆ ಮುಗಿದ ಮೇಲೆ ಬಂದವನು ನೀನು ಅಂತಾಳೆ. ಭಾವನಿಗೆ ಒಂದು ಮಾತಿಲ್ಲ. ಅಪ್ಪ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು ತಗೊಂಡ ಗಾಡಿ ಅದು, ಮಾರುವಾಗಲೂ ನನ್ನನ್ನು ಯಾರೂ ಕೇಳಲಿಲ್ಲ. ಇರಲಿ ಬಿಡು. ಈಗ ಅದೆಲ್ಲ ಯಾಕೆ.

ಅಯ್ಯೋ, ನೀನು ಕೇಳಿದ್ದೇ ಬೇರೆ ಅಲ್ವಾ. ಮೊದಲು ಡೆಲ್ಕೋ ಬದಲಾಯಿಸಬೇಕೋ ಬೇಡವೋ ನೋಡು ಮಾರಾಯ. ಅದರ ಕ್ಯಾಪ್ ತೆಗೆ, ರೋಟರ್ ಕಿತ್ತು, ಶಾಫ್ಟಿನ ತುದಿ ಹಿಡಿದುಕೋ. ಸ್ವಲ್ಪ ತಿರುಗಿ ಸ್ಪ್ರಿಂಗಿನ ಹಾಗೆ ವಾಪಸ್ ಬಂದರೆ ಸರಿಯಾಗಿದೆ, ಅದು ಇರಬೇಕಾದ್ದೇ. ಅಡ್ಡಡ್ಡ ಅಲ್ಲಾಡಿದರೆ ಶಾಫ್ಟನ್ನು ಹಿಡಿದಿರೋ ಬುಷ್ ಸವೆದಿದೆ, ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಪಾಯಿಂಟಿನ ಗ್ಯಾಪ್ ಒಂದೇ ಸಮ ನಿಲ್ಲೋದಿಲ್ಲ, ಆಗ ಮೆಕ್ಯಾನಿಕ್ ಹೇಳಿದ್ದು ನಿಜ. ಅಲ್ಲಾಡದಿದ್ದರೆ ಪಾಯಿಂಟ್ ಕಪ್ಪಾಗಿದೆಯಾ, ಕ್ಯಾಪ್ ಒಳಗೆ ಕೂದಲೆಳೆಯಷ್ಟು ಕರೀ ಗೆರೆ ಇದೆಯಾ ನೋಡು. ಜಾಸ್ತಿ ಸಲ ಪಾಯಿಂಟು, ಅದರ ಜೊತೆಗಿರೋ ಪುಟ್ಟ ಕಂಡೆನ್ಸರು ಬದಲಾಯಿಸೋದರಲ್ಲೇ ಮುಗಿಯುತ್ತದೆ.

ಬಿಚ್ಚಲೇಬೇಕು ಅಂತಾದರೆ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ಹೊಡೆದುಕೋ. ಲೀಡಿನ, ಅಂದರೆ ಕ್ಯಾಪಿನಿಂದ ಪ್ಲಗ್ಗಿಗೆ ಹೋಗೋ ವಯರಿನ, ಕ್ರಮ ಒಂದು, ಮೂರು, ನಾಲ್ಕು, ಎರಡು. ಅಂಬಾಸಡರ್ ಆಗಿದ್ದರೆ ಡೆಲ್ಕೋ ಕಚ್ಚಿಕೊಳ್ಳುವ ಜಾಗ ಸರಿಯಾಗಿ ನಡುವೆ ಇರದೆ ಒಂದು ಪಕ್ಕಕ್ಕೆ ಇರುತ್ತದೆ, ತಪ್ಪಾಗಿ ಕೂರೋದೇ ಇಲ್ಲ. ಪದ್ಮಿನಿ ಹಾಗಲ್ಲ, ಒಂದು ಹಲ್ಲು ಆಚೀಚೆ ಆದರೂ ಕೂತುಬಿಡುತ್ತದೆ. ಎಂಜಿನ್ ಅಕಸ್ಮಾತ್ ತಿರುಗಿಬಿಟ್ಟರೆ ಗುರುತನ್ನು ನಂಬಬೇಡ. ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿ. ಗಾಡಿ ಟಾಪ್ ಗೇರಿನಲ್ಲಿರಲಿ, ಯಾರಾದರೂ ಮೆಲ್ಲಗೆ ಮುಂದಕ್ಕೆ ತಳ್ಳಲಿ. ಗಾಳಿ ಬೆರಳನ್ನು ದಬ್ಬಿದರೆ ಅದು ಕಂಪ್ರೆಶನ್. ಎಂಜಿನ್ನಿನ ಮುಂದಿರೋ ಪುಲ್ಲಿಯ ಟೈಮಿಂಗ್ ಗುರುತನ್ನು ಎಂಜಿನ್ ಮೇಲಿನ ಗುರುತಿಗೆ ಕೂಡಿಸಿ ನಿಲ್ಲಿಸು. ರೋಟರ್ ಒಂದನೇ ಲೀಡಿಗೆ ಮುಖ ಮಾಡುವ ಹಾಗೆ ಡೆಲ್ಕೋ ಕೂರಿಸು. ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತಿದೆಯಾ ನೋಡೋ ಟೈಮಿಂಗ್ ಲೈಟು ಇರುವವರ ಹತ್ತಿರ ಕೊನೆಗೆ ಒಂದು ಸಲ ತೋರಿಸು.

ಇವತ್ತೇ ಶಾಫ್ಟ್ ಅಲ್ಲಾಡಿಸಿ ನೋಡಿ ಫೋನ್ ಮಾಡು. ಮಧ್ಯಾಹ್ನ ಬೇಡ, ಮಲಗಿರುತ್ತೇನೆ. ನಾಲ್ಕರ ಮೇಲೆ ಮಾಡು.