ಅಪ್‌ಡೇಟ್: 32 ವಾರಕ್ಕೆ 1,400 ಗ್ರಾಂ ಇದ್ದ ಮಗು, ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆದ ಮೇಲೆ

ಗರ್ಭಿಣಿ ತಂಗಿಗೆ 32 ವಾರ, ಟೇಪಿನಲ್ಲಿ ಹೊಟ್ಟೆಯ ಎತ್ತರ 28 ಸೆಂ.ಮೀ., ಸ್ಕ್ಯಾನಿನಲ್ಲಿ ಮಗು 1,400 ಗ್ರಾಂ, ಎರಡೂ ವಾರಕ್ಕೆ ಕಡಿಮೆ, ಇನ್ನೇನು ತಿನ್ನಿಸಬೇಕು ಅಂತ ಮಂಡ್ಯದಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಋಣಿ.

ಕೊರತೆ ಊಟದಲ್ಲಿರಲಿಲ್ಲ, ಮಾಸಿನ (ಪ್ಲಾಸೆಂಟಾ) ರಕ್ತ ಹರಿವಿನಲ್ಲಿತ್ತು. ತಂಗಿಯ ಬಿಪಿಯೂ ಹೆಚ್ಚಿತ್ತು, 146/94. ರಿಪೋರ್ಟಲ್ಲಿ ಮಗುವಿನ ತಲೆಯ ಸುತ್ತಳತೆ ವಾರಕ್ಕೆ ಸರಿಯಾಗಿದೆ, ಹೊಟ್ಟೆಯ ಸುತ್ತಳತೆ ಮಾತ್ರ ಹಿಂದಿದೆ. ರಕ್ತ ಸಾಲದಾಗ ಮಗು ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಯಕೃತ್ತಿನ ದಾಸ್ತಾನು ಕರಗಿ ಹೊಟ್ಟೆ ಸಣ್ಣದಾಗುತ್ತದೆ. ಮುದ್ದೆ, ಸೊಪ್ಪು, ಮೊಟ್ಟೆ ಎಂದಿನಂತೆ ನಡೆದಿದೆ. ಪ್ರೋಟೀನ್ ಪುಡಿ ಬಿಟ್ಟೆವು, ಅದು ಮಾಸನ್ನು ಸರಿಪಡಿಸದು.

ವಾರ ತಪ್ಪಾಗಿ ಎಣಿಸಿದ್ದರೂ ಮಗು ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಮೂರನೇ ತಿಂಗಳೊಳಗಿನ ಸ್ಕ್ಯಾನ್ ಹುಡುಕಿ ತೋರಿಸಿದೆವು, ದಿನಾಂಕ ಸರಿಯಿತ್ತು.

ಡಾಪ್ಲರ್‌ನಲ್ಲಿ ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ತಡೆ ಹೆಚ್ಚಿದೆ, ಆದರೆ ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೇ ಹರಿಯುತ್ತಿದೆ. ಅದು ನಿಂತರೆ ಅಥವಾ ಹಿಂದಕ್ಕೆ ತಿರುಗಿದರೆ ಕೂಡಲೇ ಅಡ್ಮಿಟ್. ಡಾಪ್ಲರ್ ವಾರಕ್ಕೊಮ್ಮೆ, ಸ್ಕ್ಯಾನಿನಲ್ಲಿ ಮಗುವಿನ ತೂಕ ಎರಡು ವಾರಕ್ಕೊಮ್ಮೆ; ತೂಕದ ಅಂದಾಜಿನಲ್ಲೇ ಶೇ. 10ರಷ್ಟು ಹೆಚ್ಚುಕಡಿಮೆ ಇರುವುದರಿಂದ ಬೇಗ ಅಳೆದರೆ ಏನೂ ತಿಳಿಯದು. 34 ವಾರಕ್ಕೆ 1,650 ಗ್ರಾಂ: ನಿಧಾನ, ಆದರೆ ನಿಂತಿಲ್ಲ.

ಲ್ಯಾಬೆಟಲಾಲ್ ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದೆ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಒದೆತ ಎಣಿಸುತ್ತಾಳೆ. 2 ಗಂಟೆಯಲ್ಲಿ 10 ಆಗದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡುವುದು. ಹೀಗೇ ಇದ್ದರೆ 37 ವಾರಕ್ಕೆ ಹೆರಿಗೆ, ನೋವು ಬರಲಿ ಅಂತ ಕಾಯುವುದಿಲ್ಲ. ನವಜಾತ ಶಿಶುಗಳ ಐಸಿಯು ಇರುವ ಕಡೆಯೇ ಆಗಬೇಕು ಅಂತ ಮೈಸೂರಿನಲ್ಲಿ ಹೆಸರು ಬರೆಸಿದ್ದೇವೆ.