ಅಡುಗೆಮನೆಗೆ ಕಿವಿ ಕೇಳಿಸದ ಹುಡುಗ ಸೇರಿದ್ದಾನೆ, ಉಳಿದವರಿಗೆ ಟ್ರೈನಿಂಗ್ ಹೇಗೆ ಕೊಡೋದು?

ಮಡಿಕೇರಿ_ಹೋಂಸ್ಟೇ:
ಹುಡುಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸಲ್ಲ. ಕೆಲಸದಲ್ಲಿ ಚುರುಕು, ನೂಪುಟ್ಟು (ನಮ್ಮ ಕೊಡಗಿನ ಅಕ್ಕಿ ಶಾವಿಗೆ) ಒತ್ತೋದನ್ನ ಸುಮ್ನೆ ನೋಡಿಯೇ ಕಲಿತುಬಿಟ್ಟ. ತೊಂದರೆ ಇರೋದು ಉಳಿದವರಲ್ಲಿ. ಬೆನ್ನ ಹಿಂದೆ ನಿಂತು ಕೂಗುತ್ತಾರೆ, ತಿರುಗದಿದ್ದರೆ ಸಿಡುಕುತ್ತಾರೆ. ಊಟಕ್ಕೆ ಕೂತಾಗ ಎಲ್ಲರೂ ನಗ್ತಾ ಇರುತ್ತಾರೆ, ಅವನು ಏನು ಅಂತ ಕೇಳಿದರೆ ‘ಏನಿಲ್ಲ ಬಿಡು’ ಅಂತ ಕೈಯಾಡಿಸುತ್ತಾರೆ. ಒಂದು ದಿನದ ತರಬೇತಿ ಸಾಕಾಗುತ್ತಾ?

ಕುಶಾಲನಗರದವಳು:
ಒಂದು ದಿನದಲ್ಲಿ ಸಂಕೋಚ ಹೋಗುತ್ತೆ ಸರ್, ಭಾಷೆ ಬರಲ್ಲ. ದಿನಾ ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ದೆಹಲಿಯ ಸರ್ಕಾರಿ ಸಂಜ್ಞಾಭಾಷೆ ಸಂಸ್ಥೆ ಐಎಸ್‌ಎಲ್‌ಆರ್‌ಟಿಸಿಯವರ ಸಂಜ್ಞೆ ನಿಘಂಟು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ, 2021ರ ಹೊತ್ತಿಗೇ ಅದರಲ್ಲಿ 10,000 ಪದ ಇತ್ತು. ನಿಮಗೆ ಗ್ಯಾಸ್, ಬಿಸಿ, ಗೆಸ್ಟ್ ಬಂದ್ರು, ಉಪ್ಪು ಜಾಸ್ತಿ, ಇಷ್ಟು ಬಂದರೆ ಶುರುವಿಗೆ ಸಾಕು. ಅವನು ಕಿವುಡ ಮಕ್ಕಳ ಶಾಲೆಗೆ ಹೋಗಿಲ್ಲ ಅಂದ್ರೆ ಮನೆಯವರ ಜೊತೆ ಬೆಳೆಸಿಕೊಂಡ ಸನ್ನೆಗಳೇ ಬೇರೆ ಇರಬಹುದು, ಮೊದಲು ಅದನ್ನ ಅವನಿಂದಲೇ ಕಲಿಯಿರಿ.

ವಿರಾಜಪೇಟೆ_ಹುಡುಗ:
ನಾನೂ ಕಿವಿ ಕೇಳಿಸದವನೇ. ತುಟಿ ನೋಡಿ ಎಲ್ಲಾ ತಿಳಿಯುತ್ತೆ ಅಂತ ಜನ ಅಂದುಕೊಂಡಿದ್ದಾರೆ. ಪ, ಬ, ಮ ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತೆ ಕಣ್ರೀ, ನೀವು ಪಾತ್ರೆ ಕೇಳಿದ್ರೋ ಮಾತ್ರೆ ಕೇಳಿದ್ರೋ ನಾನು ಊಹಿಸಬೇಕು. ಕೂಗಿದರೆ ಬಾಯಿಯ ಆಕಾರ ಇನ್ನೂ ಕೆಡುತ್ತೆ. ಭುಜ ತಟ್ಟಿ, ಇಲ್ಲ ಲೈಟ್ ಆಫ್ ಮಾಡಿ ಆನ್ ಮಾಡಿ, ತಿರುಗಿದ ಮೇಲೆ ಹೇಳಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತೆ. ಪಾಠ ಹೇಳೋಕೆ ಕಿವುಡರನ್ನೇ ಕರೆಸಿ, ಜೊತೆಗೆ ದುಭಾಷಿ ಇರಲಿ. ಇಬ್ಬರಿಗೂ ಸಂಭಾವನೆ ಕೊಡಿ, ಸೇವೆ ಅಂತ ಕರೆಸಿ ಬರೀ ಕಾಫಿ ಕುಡಿಸಿ ಕಳಿಸಬೇಡಿ.

ಸಿದ್ದಾಪುರ_ತೋಟ:
ಆನೆ ವಿಷಯ ಯಾರೂ ಹೇಳಲೇ ಇಲ್ವಲ್ಲ! ನಮ್ಮ ಕಡೆ ತೋಟಕ್ಕೆ ಆನೆ ಬಂದರೆ ಕೂಗು, ಪಟಾಕಿ. ಅವನಿಗೆ ಎರಡೂ ಕೇಳಿಸಲ್ಲ. ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಬೆಳಗ್ಗೆ ಒಬ್ಬನೇ ನಡೆದು ಬರುತ್ತಾನಾ? ಜೊತೆಗೊಬ್ಬರು ಇರಲೇಬೇಕು, ಆನೆ ಮೆಸೇಜ್ ಬರುವ ವಾಟ್ಸಾಪ್ ಗ್ರೂಪಿಗೆ ಸೇರಿಸಿ, ಫೋನ್ ವೈಬ್ರೇಟ್‌ನಲ್ಲಿರಲಿ. ಇನ್ನು ಮಳೆಗಾಲದಲ್ಲಿ ಕರೆಂಟ್ ಹೋದರೆ ಸನ್ನೆ ಕಾಣಲ್ಲ, ಮಾತೇ ನಿಂತ ಹಾಗೆ. ಎಲ್ಲರ ಜೇಬಲ್ಲೂ ಟಾರ್ಚ್ ಇರಲಿ. ಬೆಳಕು ಕೈ ಮೇಲೆ ಬಿಡಬೇಕು, ಅವನ ಕಣ್ಣಿಗಲ್ಲ.

ಮಡಿಕೇರಿ_ಹೋಂಸ್ಟೇ:
ಲೈನ್‌ಮನೆಯಿಂದಲೇ ಬರೋದು, ನಾಳೆಯಿಂದ ನಮ್ಮ ಡ್ರೈವರ್ ಜೊತೆಗಿರುತ್ತಾನೆ. ಮೈಸೂರು ಕಡೆಯಿಂದ ಬರೋ ದುಭಾಷಿ ಯಾರಾದರೂ ಗೊತ್ತಿದ್ದರೆ ಮೆಸೇಜ್ ಹಾಕಿ, ಬಸ್ ಚಾರ್ಜು, ಸಂಭಾವನೆ ಎರಡೂ ನಂದು.