ಸಹಾಯ ಬೇಕು: ಉಣ್ಣೆ ಸ್ವೆಟರ್ ರಫೂ ಮಾಡುವವರು ಬೆಳಗಾವಿಯಲ್ಲಿ ಯಾರಿದ್ದಾರೆ?

ಅವ್ವನ ತೆಳು ಮೆರಿನೋ ಸ್ವೆಟರ್ ಮಳೆಗಾಲ ಪೂರ್ತಿ ಟ್ರಂಕಿನಲ್ಲಿತ್ತು. ನಿನ್ನೆ ತೆಗೆದರೆ ಎಡ ಮೊಣಕೈ ಹತ್ತಿರ ಸಾಸಿವೆ ಕಾಳಿನಷ್ಟು ಮೂರು ತೂತು! ಬಟ್ಟೆ ತಿನ್ನುವ ಹುಳದ ಕೆಲಸ. ಚಹಾ ಚೆಲ್ಲಿದ ಜಾಗವನ್ನೇ ಹುಡುಕಿ ತಿಂದಿದೆ. ತೊಳೆಯದೆ ಇಟ್ಟಿದ್ದು ನನ್ನದೇ ತಪ್ಪು.

ಮೊಟ್ಟೆ ಸಾಯಲಿ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. (ಮಗ ಐಸ್‌ಕ್ರೀಮ್ ಅಂದುಕೊಂಡು ಬಿಚ್ಚಿದ.) ತಣ್ಣೀರಲ್ಲಿ ತೊಳೆದು, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸುವುದು ಗೊತ್ತು. ಹೋದ ವರ್ಷ ಒಂದನ್ನು ಬಿಸಿನೀರಲ್ಲಿ ತಿಕ್ಕಿ ಕಂಬಳಿ ಮಾಡಿ ಕಲಿತ ಪಾಠ ಅದು.

ಗೊತ್ತಿಲ್ಲದ್ದು ರಫೂ. ಶಹಾಪುರ, ಖಡೇಬಜಾರ್ ಕಡೆ ಹೆಣಿಗೆಯ ಕಣ್ಣಿಗೆ ಕಣ್ಣು ಕೂಡಿಸುವವರು ಇದ್ದಾರಾ? ಸುಮ್ನೆ ದಾರ ಎಳೆದು ಸುಕ್ಕು ಮಾಡುವವರು ಬೇಡ. ಇನ್ನೊಂದು, ಡಾಂಬರು ಗುಳಿಗೆಯ ವಾಸನೆ ಅವ್ವನಿಗೆ ಆಗಲ್ಲ. ಅದಿಲ್ಲದೆ ಮುಂದಿನ ಮಳೆಗಾಲಕ್ಕೆ ಹೇಗೆ ಇಡಲಿ?